ಬಾಗಿಲು ಮುಚ್ಚುವ ಹಬ್ಬ

ಮಾಂಜಿ ಮೀನು ಹುರಿಯುವ ವಾಸನೆ ಬಂದರೆ ಊರಿಗೆಲ್ಲ ಬಾಯಲ್ಲಿ ನೀರೂರುತ್ತದೆ. ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಕುವೈತಿನ ರುಮೈಥಿಯಾದಲ್ಲಿದ್ದ ನಮ್ಮ ಮನೆಯ ಅಡುಗೆಕೋಣೆ, ಅಲ್ಲಿ ಬಿಳಿ ಸೀರೆಯುಟ್ಟು, ಹನಿ ನೀರೂ ಕುಡಿಯದೆ ಒಲೆಯ ಮುಂದೆ ನಿಂತ ಆಯಿ ಕಣ್ಣಿಗೆ ಕಟ್ಟುತ್ತಾಳೆ.

ಆಯಿ, ಅಂದರೆ ನನ್ನಮ್ಮ, ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ, ಮರಾಠಿ ಮನೆಮಾತಿನ ಯೆಹೂದಿ ಹುಡುಗಿ. ಪಪ್ಪಾ ಮಂಗಳೂರಿನ ಕ್ಯಾಥೊಲಿಕರು. ಅವಳ ಮರಾಠಿ ಇವರಿಗೆ ಬಾರದು, ಇವರ ಕೊಂಕಣಿ ಅವಳಿಗೆ ಒಗ್ಗದು. ಹಾಗಾಗಿ ಮನೆಯಲ್ಲಿ ಕನ್ನಡ. ಪಪ್ಪಾ ಶುಐಬಾದ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದರು. ಆಯಿ ಯೆಹೂದಿ ಎಂದು ಹೊರಗೆ ತಿಳಿದರೆ ಅಲ್ಲಿರುವ ಪರವಾನಗಿ, ಆ ಇಕಾಮಾ, ಖಲಾಸ್, ಗಂಟುಮೂಟೆ ಕಟ್ಟಬೇಕು ಎಂಬ ಹೆದರಿಕೆ ಅವರಿಗೆ. ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆಯಿಯೂ ಅದನ್ನರಿತೇ ಶುಕ್ರವಾರ ಇಗರ್ಜಿಗೆ ಬರುತ್ತಿದ್ದಳು, ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಮಾಡುತ್ತಿದ್ದಳು. ವರ್ಷಕ್ಕೊಂದು ದಿನವನ್ನು ಮಾತ್ರ ತನಗೆಂದು ಉಳಿಸಿಕೊಂಡಿದ್ದಳು. ಅವಳ ಜನ ಅದನ್ನು ಬಾಗಿಲು ಮುಚ್ಚುವ ಹಬ್ಬ ಎನ್ನುತ್ತಿದ್ದರಂತೆ. ಹೊತ್ತು ಮುಳುಗುವ ಮುಂಚೆ ಬಾಗಿಲು ಹಾಕಿದರೆ ಮರುದಿನ ಚುಕ್ಕಿ ಮೂಡುವವರೆಗೆ ಉಪವಾಸ. ಹೊರಗಿನವರ ಮುಖ ನೋಡುವಂತಿಲ್ಲ. ಅದಕ್ಕೂ ಮೊದಲು ಮನೆಯವರೆಲ್ಲರ ಎದುರು ನಿಂತು, ತಪ್ಪಾಗಿದ್ದರೆ ಕ್ಷಮಿಸಿ ಎನ್ನಬೇಕು. ಇಷ್ಟುದ್ದದ ನನ್ನ ಮುಂದೆಯೂ ಆಯಿ ಕೈಮುಗಿದು ನಿಲ್ಲುತ್ತಿದ್ದಳು. ನನಗೋ ನಗು. "ನಗಬ್ಯಾಡವ್ವಾ," ಎನ್ನುತ್ತಿದ್ದಳು. "ದೇವರಿಗೆ ಮಾಡಿದ ತಪ್ಪಿಗೆ ದೇವರನ್ನ ಕೇಳಬೇಕು. ಮನಷ್ಯಾರಿಗೆ ಮಾಡಿದ್ದಕ್ಕ ಅವರನ್ನ ಕೇಳಬೇಕು. ನಡುವ ದೇವರೂ ಬರಂಗಿಲ್ಲ."

ಒಂದು ವರ್ಷ ಆ ಹಬ್ಬ ಗುರುವಾರದ ರಜೆಯ ದಿನವೇ ಬಂತು. ಹಿಂದಿನ ಸಲ ಪಕ್ಕದ ಮನೆಯವರು, "ಎಷ್ಟು ಬಡಿದರೂ ಬಾಗಿಲು ತೆಗೆಯಲಿಲ್ಲವಲ್ಲ" ಎಂದಿದ್ದರಂತೆ. ಪಪ್ಪಾಗೆ ಅಷ್ಟೇ ಸಾಕಾಯಿತು. ಆಫೀಸಿನ ಗೆಳೆಯರನ್ನು ಅದೇ ದಿನ ಮಧ್ಯಾಹ್ನದ ಊಟಕ್ಕೆ ಕರೆದರು.

"ಇದೊಂದ್ ದಿವ್ಸ ಬಿಟ್ಟಬಿಡ್ರಿ. ನಾಳೆ ಕರೀರಿ, ಹತ್ತ ಮಂದಿಗೆ ಮಾಡಿ ಹಾಕ್ತೀನಿ," ಎಂದು ಆಯಿ ಬೇಡಿಕೊಂಡಳು.

"ಎಂತ ಮಾರಾಯ್ತಿ ನಿನ್ನದು! ನಾಲ್ಕು ಜನ ಬಂದು ಉಂಡು ಹೋದರೆ ಯಾರಿಗೂ ಡೌಟೇ ಬರುವುದಿಲ್ಲ," ಎಂದವರೇ ಪಪ್ಪಾ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟರು.

ಆಯಿ ತುಟಿ ಒಣಗಿಸಿಕೊಂಡೇ ಮೀನು ಹುರಿದಳು, ಬಡಿಸಿದಳು. ಬಂದವರೊಬ್ಬರು, "ಬಾಬಿ, ನೀವೂ ಕೂತ್ಕೊಳ್ಳಿ" ಎಂದರು. ಪಾಪ, ಅವರಿಗೇನು ಗೊತ್ತು! ಗೊತ್ತಿದ್ದವರು ಪಪ್ಪಾ. ಅವರೇ ಒಂದು ತುಂಡನ್ನು ತಟ್ಟೆಗೆ ಹಾಕಿ ಆಯಿಯ ಮುಂದೆ ಸರಿಸಿ, "ತಿನ್ನು" ಎಂದರು. ಎಲ್ಲರೂ ನೋಡುತ್ತಿದ್ದರು. ಆಯಿ ತಿಂದಳು. ಬಾಗಿಲು ತೆರೆದದ್ದು ಹೆದರಿಕೆಗೆ, ಒಪ್ಪಿದೆ. ಆ ತುತ್ತು ಯಾಕೆ? ಹೊಟ್ಟೆ ಸರಿಯಿಲ್ಲ ಎಂದೊಂದು ಸುಳ್ಳು ಹೇಳಲು ಅವರ ನಾಲಿಗೆಗೆ ಏನಾಗಿತ್ತು? ಮರುವರ್ಷದಿಂದ ಆಯಿ ಆ ಹಬ್ಬದ ಹೆಸರೇ ಎತ್ತಲಿಲ್ಲ.

ನಾನು ಸಿಡುಕಿ. ಗಂಡನ ಮೇಲೆ, ಮಕ್ಕಳ ಮೇಲೆ ಹರಿಹಾಯುವುದು ನನಗೆ ನಿತ್ಯದ ಕೆಲಸ. ಆದರೆ ಹರಿಹಾಯ್ದ ಮೇಲೆ ಅವರ ಎದುರೇ ನಿಂತು ತಪ್ಪಾಯಿತು ಎನ್ನುತ್ತೇನೆ. ಬದುಕಿನಲ್ಲಿ ದಾರಿ ತಪ್ಪದಂತೆ ನನ್ನನ್ನು ಹಿಡಿದಿಟ್ಟಿದ್ದು ಆಯಿಯ ಆ ಹಬ್ಬವೊಂದೇ. ನಿಮ್ಮ ಮನೆಗಳಲ್ಲೂ ಕೇಳದೆ ಉಳಿದುಹೋದ ಕ್ಷಮೆಯೊಂದು ಇದ್ದೇ ಇರುತ್ತದೆ. ಆಯಿ ತೀರಿಕೊಂಡ ಮೇಲೆ, ಮಂಗಳೂರಿನಲ್ಲಿ, ಪಪ್ಪಾ ನನ್ನ ಕೈ ಹಿಡಿದುಕೊಂಡರು. "ಅವತ್ತು ನಾನು ಹಾಗೆ ಮಾಡಬಾರದಿತ್ತು ಮಗಾ. ಅವಳ ಬದಲಿಗೆ ನೀನಾದರೂ ಕ್ಷಮಿಸಿದೆ ಅಂತ ಹೇಳು."

"ಅಷ್ಟು ವರ್ಷ ನಿಮ್ಮ ಪಕ್ಕದಲ್ಲೇ ಕೂತು ಉಂಡಳಲ್ಲ ಪಪ್ಪಾ, ಅವಳನ್ನೇ ಕೇಳಬಹುದಿತ್ತು," ಎಂದೆ.

ಅವರು ಅತ್ತರು. ಕಣ್ಣೊರೆಸಿದೆ, ಅನ್ನ ಕಲಸಿ ಕೊಟ್ಟೆ. ಕ್ಷಮಿಸಿದೆ ಎಂಬ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಹೇಳಬೇಕಾದವಳು ಹೋಗಿಬಿಟ್ಟಿದ್ದಳು.