ಕ್ರೀಲ್ ಮನೆಯ ಅಲೆಕ್ಸಾಂಡರ್

ಸ್ಕಾಟ್ಲೆಂಡಿನ ಈಶಾನ್ಯ ತೀರದ ನಮ್ಮ ಊರಲ್ಲಿ ಯಾರ ಬಾಗಿಲು ತಟ್ಟಿದರೂ ತೆರೆಯುವುದು ಫ್ಲೆಟ್ ಎಂಬ ಮನೆತನದವರೇ. ಎಂದೋ ಆರ್ಕ್ನಿ ದ್ವೀಪಗಳಿಂದ ಬಂದಿಳಿದ ಫ್ಲೆಟ್‌ಗಳು ಊರೊಳಗೇ ಹೆಣ್ಣು ತಂದು, ಹೆಣ್ಣು ಕೊಟ್ಟು ಊರನ್ನೇ ತುಂಬಿಬಿಟ್ಟರು. ಹಿರಿಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಬೇರೆ. ಒಂದೇ ಬೀದಿಯಲ್ಲಿ ಐದು ಜನ ಅಲೆಕ್ಸಾಂಡರ್ ಫ್ಲೆಟ್‌ಗಳಿದ್ದ ಮೇಲೆ ಇನ್ನೇನು ಮಾಡುವುದು? ಪ್ರತಿ ಮನೆಗೂ ಒಂದು ಅಡ್ಡಹೆಸರು ಬಂತು. ಅಂಚೆಯವನೂ ಅದನ್ನೇ ನಂಬುತ್ತಿದ್ದ.

ಇಸಬೆಲ್ ಹದಿನಾಲ್ಕಕ್ಕೇ, ಚಾಕು ತಾಗದಂತೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೆರಿಂಗ್ ಮೀನು ಸೀಳಲು ಹೋದವಳು. ಇಪ್ಪತ್ತಕ್ಕೆ ಕ್ರೀಲ್ ಮನೆಗೆ ಸೊಸೆಯಾದಳು. ಕ್ರೀಲ್ ಎಂದರೆ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುವ ಮೀನುಬುಟ್ಟಿ. ಬಂದರು ಕಟ್ಟುವ ಮೊದಲು, ಗಂಡಸರ ಬೂಟು ನೆನೆಯದಿರಲೆಂದು ಹೆಂಡತಿಯರೇ ಅವರನ್ನು ಬೆನ್ನ ಮೇಲೆ ಹೊತ್ತು ದೋಣಿಗೆ ಮುಟ್ಟಿಸುತ್ತಿದ್ದರು. ಒಂದು ದಿನ ದೋಣಿ ಮಗುಚಿತು. ಇಸಬೆಲ್‌ಳ ಗಂಡನ ಮುತ್ತಜ್ಜಿ ಎಲ್ಸ್‌ಪೆತ್ ಎದೆಮಟ್ಟದ ಅಲೆಗೆ ಇಳಿದು, ಕಾಲು ಮುರಿದ ಗಂಡನನ್ನು ಹೊತ್ತು ದಡ ಸೇರಿಸಿದಳು. "ಇವತ್ತು ಕ್ರೀಲ್‌ಗೆ ದೊಡ್ಡ ಮೀನೇ ಬಿದ್ದಿದೆ" ಎಂದು ಊರು ನಕ್ಕಿತು. ನಕ್ಕವರೇ ಆ ಮನೆಗೆ ಹೆಸರಿಟ್ಟರು. ಆ ಹೆಸರನ್ನು ಹೇಳುವಾಗ ಇಸಬೆಲ್‌ಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅವಳದು ಸುಳ್ಳು ಹೆಮ್ಮೆಯಲ್ಲ.

ಮೊದಲ ಮಹಾಯುದ್ಧದಲ್ಲಿ, ಶತ್ರುಗಳು ಸಮುದ್ರದಲ್ಲಿ ಹುದುಗಿಸಿದ್ದ ಸಿಡಿಗುಂಡು ತೆಗೆಯುವ ದೋಣಿಗಳಲ್ಲಿ ದುಡಿಯುತ್ತಿದ್ದ ಊರಿನ ಮೂವರು ಅಲೆಕ್ಸಾಂಡರ್ ಫ್ಲೆಟ್‌ಗಳು ಮುಳುಗಿದರು. ಒಬ್ಬ ಇಸಬೆಲ್‌ಳ ಮಗ. ದೇಹ ಸಿಗಲಿಲ್ಲ. ಅವಳ ಪಾಲಿಗೆ ಉಳಿದದ್ದು, ಮಡಿದವರಿಗಾಗಿ ಊರು ನಿಲ್ಲಿಸಲಿದ್ದ ಸ್ಮಾರಕದ ಕಲ್ಲಿನಲ್ಲಿ ಬರಬೇಕಾದ ಒಂದು ಸಾಲು ಮಾತ್ರ. ಅದರಲ್ಲಿ ಮನೆಯ ಅಡ್ಡಹೆಸರೂ ಇರಲಿ ಎಂದು ಅವಳು ಕೇಳಿದರೆ, ಎಡಿನ್‌ಬರೋದಿಂದ ಹೊಸದಾಗಿ ಬಂದಿದ್ದ ಪಾದ್ರಿ ಪ್ರಿಂಗಲ್ ಅಡ್ಡಗಾಲು ಹಾಕಿದರು.

"ನೋಡಮ್ಮ, ಅದು ಪವಿತ್ರವಾದ ಕಲ್ಲು. ಮೀನುಬುಟ್ಟಿ ಹೆಸರನ್ನೆಲ್ಲ ಕೆತ್ತಿಸೋಕಾಗಲ್ಲ."

"ಮೂರು ಸಾಲೂ ಒಂದೇ ಥರ ಇದ್ರೆ ನನ್ನ ಮಗ ಯಾವನು ಪಾದ್ರಿಗಳೇ?"

"ದೇವರಿಗೆ ಗೊತ್ತಿರುತ್ತೆ."

"ದೇವರಿಗೆ ಕಲ್ಲು ಯಾಕೆ ಬೇಕು? ಓದೋರು ನಾವು."

ಪಾದ್ರಿ ಜಗ್ಗಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ಪಟ್ಟಿ ಹಿಡಿದು ನಿಂತರು. ಕಲ್ಲುಕುಟಿಗನಿಗೆ ಕಳಿಸುವ ಮೊದಲು ಯಾವ ಹೆಸರೂ ತಪ್ಪಬಾರದು. ತನ್ನ ಮಗನ ಹೆಸರು ಕೇಳಿದ ತಾಯಿ ಎದ್ದು ನಿಲ್ಲಲಿ ಎಂದರು.

"ಅಲೆಕ್ಸಾಂಡರ್ ಫ್ಲೆಟ್."

ಮೂವರು ತಾಯಂದಿರು ಎದ್ದರು.

"ಒಬ್ಬರು ಮಾತ್ರ ನಿಲ್ಲಿ" ಎಂದರು ಪಾದ್ರಿ. ಯಾರೂ ಕೂರಲಿಲ್ಲ. ಯಾವ ತಾಯಿ ತಾನೇ ಕೂತಾಳು? "ಹಾಗಾದ್ರೆ ಇವನು ಯಾರ ಮಗ?" ಎಂದರು ಪಾದ್ರಿ.

"ನಾವೂ ಅದನ್ನೇ ಕೇಳ್ತಿರೋದು" ಎಂದಳು ಇಸಬೆಲ್.

ಪಾದ್ರಿಯ ಮುಖ ಕೆಂಪಾಯಿತು. ಆಮೇಲೆ ಪಕ್ಕದವರಿಂದ ಪೆನ್ಸಿಲ್ ಇಸಿದುಕೊಂಡು, ಕೆಳಗಿಳಿದು ಬಂದು, ಮೂವರ ಮನೆಯ ಹೆಸರನ್ನೂ ಕೇಳಿ ಬರೆದುಕೊಂಡರು. ಎಲ್ಲರನ್ನೂ ಕೂರಿಸಿ ಮತ್ತೆ ಮೊದಲಿನಿಂದ ಓದಿದರು.

"ಅಲೆಕ್ಸಾಂಡರ್ ಫ್ಲೆಟ್, ಕ್ರೀಲ್."

ಇಸಬೆಲ್ ಒಬ್ಬಳೇ ಎದ್ದು ನಿಂತಳು.