ಮಂಗಳವಾರದ ಫ್ರಾಕು

ಬಳ್ಳಾರಿಗೆ ಆಗಿನ್ನೂ ಜೀನ್ಸಿನ ಊರೆಂಬ ಹೆಸರು ಬಂದಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬ್ರೂಸ್‌ಪೇಟೆಯಲ್ಲಿ ಒಣಮೆಣಸಿನಕಾಯಿ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಫ್ಯಾಷನ್ ಶಾಲೆ. ಬೋರ್ಡಿನಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಪದ ಉಳಿದೆಲ್ಲಕ್ಕಿಂತ ದೊಡ್ಡದಾಗಿತ್ತು. ಶಾಲೆ ನಡೆಸುತ್ತಿದ್ದ ಮೇಡಂ ಗಂಡನ ನೌಕರಿಯ ದೆಸೆಯಿಂದ ಕೆಲವು ವರ್ಷ ಸಿಂಗಪುರದಲ್ಲಿ ಇದ್ದು ಬಂದವರು. ಆ ಪದಕ್ಕೆ ಇದ್ದ ಆಧಾರ ಅಷ್ಟೇ. ಕೆಳಗೆ ಮೆಣಸಿನಕಾಯಿ ಚೀಲ ಬಿಚ್ಚಿದರೆ ಸಾಕು, ಮೇಲೆ ನಾವೆಲ್ಲ ಸೀನುತ್ತಿದ್ದೆವು, ಅದೂ ಸೂಜಿಗೆ ದಾರ ಪೋಣಿಸುವ ಹೊತ್ತಿಗೇ ಸರಿಯಾಗಿ. ಗೋಡೆಯ ಚಿತ್ರದಲ್ಲಿದ್ದ ವಿದೇಶಿ ಹೆಂಗಸೊಬ್ಬಳು ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೇ ನೋಡುತ್ತಿದ್ದಳು. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ನಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಊಟ ಬಿಟ್ಟು ಹಟ ಹಿಡಿದು ಗಿಟ್ಟಿಸಿಕೊಂಡ ಅನುಮತಿ ಅದು. ಅಷ್ಟು ಮಾಡಿಯೂ ಮೊದಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದೆ. ಕಾಲರು ಒಂದು ಕಡೆ ಕಿವಿ ನಿಮಿರಿಸಿಕೊಂಡು ನಿಂತುಬಿಟ್ಟಿತ್ತು. ಅಪ್ಪ ಕೂಗಾಡಲಿಲ್ಲ. “ಇನ್ನೊಮ್ಮಿ ನೋಡ್ತೀನಿ. ಈ ಸಲಾನೂ ನಪಾಸಾದ್ರ ಬಸ್ ಹತ್ತೋದು ಬಂದ್. ಮನ್ಯಾಗ ಕುಂದ್ರು,” ಎಂದರು. ಅವರು ಮೆಲ್ಲಗೆ ಆಡಿದ ಮಾತು ಎಂದೂ ಹಿಂದೆ ಹೋದದ್ದಿಲ್ಲ. ಬಳ್ಳಾರಿ ತಪ್ಪಿಹೋಗುತ್ತದೆಂದು ನೆನೆದರೇ ನನಗೆ ಅಳು ಬರುತ್ತಿತ್ತು.

ಅವ್ವ ಈ ವಿಷಯದಲ್ಲಿ ಬಾಯಿ ಬಿಟ್ಟವಳಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿ ಕೈಗಿಡುವುದಷ್ಟೇ ಅವಳ ಕೆಲಸ. ನಮ್ಮ ಕಡೆ ಆಗ ಹೆಂಗಸರ ಮೈಗೆ ಟೇಪು ಹಿಡಿಯುತ್ತಿರಲಿಲ್ಲ. ಟೇಲರ್ ಗಂಡಸಲ್ಲವೇ? ಅಳತೆಗೆಂದು ಒಂದು ಹಳೆಯ ಕುಬಸ ಕಳಿಸುವುದು ರೂಢಿ. ಅವ್ವ ತನ್ನ ಮದುವೆ ಕಾಲದ ಕುಬಸವನ್ನೇ ಕಳಿಸುತ್ತಿದ್ದಳು. ಅದರ ಎಡತೋಳು ಬಿಗಿ. ಹೀಗಾಗಿ ಆಮೇಲೆ ಹೊಲಿಸಿದ ಎಲ್ಲ ಕುಬಸಗಳ ಎಡತೋಳೂ ಬಿಗಿಯೇ. ರೊಟ್ಟಿ ಬಡಿಯುತ್ತ ಬಡಿಯುತ್ತ ನಡುವೆ ತೋಳು ಜಗ್ಗಿಕೊಳ್ಳುತ್ತಿದ್ದಳು. ನಾನು ಟೇಪು ಹಿಡಿದು ಹತ್ತಿರ ಹೋದರೆ, “ದೂರ ಸರಿ ಅತ್ತಾಗ. ನಾನೇನು ನಿಮ್ಮ ಗೋಡಿ ಮ್ಯಾಲಿನ ದೊರೆಸಾನೇನ?” ಎಂದು ಗದರುತ್ತಿದ್ದಳು. ಉಡಿ ತುಂಬಿದಾಗ ಬಂದ ಕುಬಸದ ಖಣಗಳು ಅವಳ ಟ್ರಂಕಿನಲ್ಲಿ ಮಡಿಕೆ ಮುರಿಯದೆ ಕೂತಿರುತ್ತಿದ್ದವು. ಅವನ್ನು ಬೇರೆಯವರ ಉಡಿಗೆ ಹಾಕಿ ಕಳಿಸುತ್ತಿದ್ದಳು. ತವರಿನಿಂದ ಬಂದ ಒಂದು ಹಸಿರು ಖಣವನ್ನು ಮಾತ್ರ ಯಾರಿಗೂ ಕೊಡಲಿಲ್ಲ, ತಾನೂ ಹೊಲಿಸಲಿಲ್ಲ.

ನನ್ನ ಎರಡನೆಯ ಪರೀಕ್ಷೆ ಸೋಮವಾರವಿತ್ತು. ಬೆಂಗಳೂರಿನಿಂದ ಬರಬೇಕಿದ್ದ ಪರೀಕ್ಷಕಿಗೆ ರೈಲು ತಪ್ಪಿ, ಅವರು ಮರುದಿನ ಬೆಳಿಗ್ಗೆ ಬಂದಿಳಿದರು. ಕನ್ನಡಕವನ್ನು ಸರಪಳಿಯಲ್ಲಿ ತೂಗುಬಿಟ್ಟಿದ್ದ ಹೆಂಗಸು. ಸಂಜೆಯ ರೈಲಿಗೇ ವಾಪಸಾಗಬೇಕಂತೆ. “ಮಗುವಿನ ಫ್ರಾಕು. ಕಾಲರು, ನೆರಿಗೆ ಎರಡೂ ಬೇಕು. ಶುರು ಮಾಡಿ,” ಎಂದು ಚಹಾಕ್ಕೆ ಹೋದರು.

ನಾವೆಲ್ಲ ತಂದಿದ್ದ ಹೊಸ ಪಾಪ್ಲಿನ್ ಬಟ್ಟೆ ಹಾಸಿದೆವು. ಚಾಕ್‌ನಿಂದ ಗುರುತು ಹಾಕಿದೆವು. ಅಷ್ಟರಲ್ಲಿ ಪಕ್ಕದಲ್ಲಿದ್ದ ಸಿರುಗುಪ್ಪದ ಗೆಳತಿ ಕತ್ತರಿ ಕೆಳಗಿಟ್ಟು ಪಿಸುಗುಟ್ಟಿದಳು: “ಲೇ, ಇವತ್ತು ಮಂಗಳವಾರ ಐತಿ. ಹೊಸ ಅರಿವಿಗೆ ಹೆಂಗ ಕತ್ತರಿ ಹಾಕೋದು?”

ಆ ಮಾತು ಕೋಣೆಯ ತುಂಬ ಓಡಿತು. ಮಂಗಳವಾರ ಹೊಸ ಬಟ್ಟೆ ಕತ್ತರಿಸಿದರೆ ಮನೆಗೆ ಒಳ್ಳೆಯದಲ್ಲವೆಂದು ಎಲ್ಲರ ಮನೆಯಲ್ಲೂ ಹೇಳಿದ್ದೇ. ಗುರುತು ಹಾಕಿದ ಮೇಲೆಯೇ ಮತ್ತೆ ಗುರುತು ಹಾಕುವವರು, ಸುಕ್ಕಿಲ್ಲದ ಬಟ್ಟೆಗೆ ಇಸ್ತ್ರಿ ಮಾಡುವವರು ಹೆಚ್ಚಾದರು. ಒಬ್ಬಳೂ ಕತ್ತರಿ ಮುಟ್ಟಲಿಲ್ಲ. ಮೇಡಂ ಬಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, “ಏಮ್ಮಾ, ಇನ್ನೂ ಕಟಿಂಗ್ ಆಗಿಲ್ಲಾ?” ಎಂದರು. ಗೆಳತಿ ಎದ್ದು ನಿಂತು, “ನೀವೇ ಮೊದಲ ಒಂದು ಕತ್ತರಿ ಹಾಕಿ ಕೊಡ್ರಿ ಮೇಡಂ, ಮಂಗಳವಾರ ಐತಿ,” ಎಂದಳು. ಮೇಡಂ ಕತ್ತರಿ ಎತ್ತಿಕೊಂಡರು. ಬಟ್ಟೆಯ ಅಂಚಿನವರೆಗೂ ಒಯ್ದರು. ಆಮೇಲೆ ಮೆಲ್ಲಗೆ ಕೆಳಗಿಟ್ಟು, “ಅಯ್ಯೋ, ಮಂಗಳವಾರಂ!” ಎಂದು ಕಿಟಕಿಯತ್ತ ತಿರುಗಿಬಿಟ್ಟರು. ಸಿಂಗಪುರ ಕಂಡು ಬಂದವರ ಗತಿಯೇ ಹೀಗಾದರೆ ಕುರುಗೋಡಿನವಳು ಏನು ಮಾಡಲಿ?

ಕತ್ತರಿಸಿದರೆ ಮನೆಯವರ ಪಾಲಿಗೆ ಕೇಡು, ಬಿಟ್ಟರೆ ನನ್ನ ಬಸ್ಸು ಬಂದ್. ಕಾಲಿಗೆ ಬುತ್ತಿಯ ಗಂಟು ತಗಲಿತು. ಅವ್ವನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು. ಒಗೆದು ಒಗೆದು ಮೆತ್ತಗಾದದ್ದು. ಮಂಗಳವಾರದ ಕಟ್ಟು ಇರುವುದು ಹೊಸ ಬಟ್ಟೆಗೆ, ಹಳೆಯದಕ್ಕೆ ಯಾರ ಅಡ್ಡಿ? ರೊಟ್ಟಿ, ಬೆಳ್ಳುಳ್ಳಿ ಹಾಕಿದ ಶೇಂಗಾ ಹಿಂಡಿ ಎರಡನ್ನೂ ಪೇಪರಿನ ಮೇಲೆ ಸುರಿದು, ಅರಿವೆ ಹಾಸಿ ಕಚಕ್ಕನೆ ಕತ್ತರಿ ಹಾಕಿದೆ. ಹಿಂಡಿಯ ಎಣ್ಣೆ ಕಲೆಯನ್ನು ನೆರಿಗೆಯೊಳಗೆ ಮುಚ್ಚಿದೆ. ತೂತಿದ್ದ ಕಡೆ ಜೇಬು ಇಟ್ಟೆ. ಕಾಲರಿನ ಎರಡೂ ತುದಿಯನ್ನು ಮಾತ್ರ ಉಸಿರು ಹಿಡಿದು ಹೊಲಿದೆ.

ನನ್ನನ್ನು ನೋಡಿ ಉಳಿದವರಿಗೂ ಜೀವ ಬಂತು. ಒಬ್ಬಳು ಮಷಿನ್ನಿನ ಮೇಲಿನ ಹೊದಿಕೆ ಎಳೆದಳು. ಗೆಳತಿ ಕಿಟಕಿಯ ಪರದೆಯನ್ನೇ ಇಳಿಸಿದಳು. ಮೇಡಂ ತಾವಾಗಿಯೇ ಇಸ್ತ್ರಿ ಮೇಜಿನ ಚಾದರ ಹರಿದು ಹಂಚಿದರು. ಚಹಾ ಕುಡಿದು ಬಂದ ಪರೀಕ್ಷಕಿ ಬಾಗಿಲಲ್ಲೇ ನಿಂತುಬಿಟ್ಟರು.

ಸಂಜೆ ಅವರು ನನ್ನ ಫ್ರಾಕನ್ನು ಒಳಹೊರಗು ಮಾಡಿ ನೋಡಿದರು. ಮೂಗಿನ ಹತ್ತಿರ ಹಿಡಿದರು. “ಬೆಳ್ಳುಳ್ಳಿ ವಾಸನೆ ಬರ್ತಿದೆಯಲ್ಲಮ್ಮ! ಸೆರಗನ್ನ ಹೀಗೆ ಕೂರಿಸೋದು ಯಾರು ಹೇಳ್ಕೊಟ್ರು ನಿಂಗೆ?”

“ಮಂಗಳವಾರ ಹೇಳಿಕೊಡ್ತುರೀ,” ಎಂದೆ. ಬಾಯಿ ತಪ್ಪಿ ಬಂದ ಮಾತು. ಅವರು ಕನ್ನಡಕ ಜಾರುವಷ್ಟು ನಕ್ಕರು. ಕಾಲರನ್ನು ಬೆರಳಿನಿಂದ ಒತ್ತಿ ನೋಡಿ, “ಪಾಸು,” ಎಂದರು. ನನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡು ಸ್ಟೇಷನ್ನಿಗೆ ಹೊರಟರು.

ಕುರುಗೋಡು ಮುಟ್ಟುವಾಗ ಮನೆಯಲ್ಲಿ ದೀಪ ಹಚ್ಚಿದ್ದರು. ಅಪ್ಪ ಕಟ್ಟೆಯ ಮೇಲಿಂದಲೇ, “ಪಾಸೋ, ನಪಾಸೋ?” ಎಂದರು. “ಪಾಸಪ್ಪ” ಎಂದೆ. “ಹಂಗಾರ ನಾಳಿ ಬಸ್ಸಿಗೆ ಹೋಗು,” ಎಂದು ಒಳಗೆ ನಡೆದರು. ಅವ್ವ ಕೇಳಿದ್ದು ಬೇರೆಯೇ: “ಬುತ್ತಿ ಅರಿವಿ ಎಲ್ಲೈತಿ?”

ನಾನು ಫ್ರಾಕು ತೆಗೆದುಕೊಟ್ಟೆ. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಅವಳು ಅದನ್ನು ದೀಪದ ಹತ್ತಿರ ಹಿಡಿದು ಜೇಬಿನೊಳಗೆ ಬೆರಳು ಹಾಕಿ ನೋಡಿದಳು. “ನನ್ನ ಸೆರಗು ಇದು. ನೀನು ಹುಟ್ಟಿದಾಗ ಇದರಾಗ ನಿನ್ನ ಸುತ್ತಿದ್ದೆ,” ಎಂದಳು. ಮಡಚಿ ಒಳಗೆ ಒಯ್ದಳು.

ಬೆಳಿಗ್ಗೆ ಬುತ್ತಿಗೆಂದು ಒಳಗೆ ಹೋದರೆ ಟ್ರಂಕು ತೆರೆದಿತ್ತು. ಅವ್ವ ಹಸಿರು ಖಣವನ್ನು ನನ್ನ ಕೈಗೆ ಹಾಕಿದಳು.

“ಇವತ್ತು ಬುಧವಾರ. ನಂದೊಂದು ಹೊಲಿ.”

ಖಣದ ಮಡಿಕೆ ಮುರಿದು, “ಅಳತಿ ಕುಬಸ ಕೊಡಬೇ,” ಎಂದೆ.

“ಅದರ ಸುದ್ದಿ ಬಿಡು. ಇಷ್ಟು ವರ್ಷ ಅದರ ಅಳತಿಗೆ ನಾನು ಇದ್ದೆ. ನನ್ನ ಅಳತಿ ತೊಗೊ,” ಎಂದು ಅವ್ವ ಬಾಗಿಲು ಮುಂದಕ್ಕೆ ಎಳೆದು, ಎರಡೂ ಕೈ ಅಗಲಿಸಿ ನಿಂತಳು.

ನಾನು ಎಡತೋಳಿನಿಂದ ಶುರು ಮಾಡಿದೆ.