ಎಪ್ಪಿಂಗ್‌ನ ಪರದೆಯಲ್ಲಿ ಕಾಣದ ಸಾಲು

ಮನೆಯಿಂದಲೇ ಕೆಲಸ ಮಾಡುವುದು ರೂಢಿಯಾಗಿಬಿಟ್ಟ ಕಾಲ. ನಾನು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯ ಲಿನಕ್ಸ್ ಸಪೋರ್ಟ್ ವಿಭಾಗದ ಹಿರಿಯ ಎಂಜಿನಿಯರ್. ಹೆಸರಿಗೆ ಹಿರಿಯ; ಬೆಳಿಗ್ಗೆ ಟ್ರ್ಯಾಮ್ ಹಿಡಿದು ಹೋಗಿ, ಖಾಲಿ ಮಹಡಿಯಲ್ಲಿ ಒಬ್ಬನೇ ಕೂತು, ಮುಖ ಕಾಣದವರ ಕಂಪ್ಯೂಟರ್ ಸರಿಮಾಡುವುದು. ಹುಬ್ಬಳ್ಳಿಯವನಿಗೆ ಮಾತಿಲ್ಲದೆ ಕೂಡುವುದೆಂದರೆ ಉಪವಾಸಕ್ಕಿಂತ ಕಷ್ಟ.

ಒಂದು ದಿನ ಸಿಡ್ನಿಯ ಎಪ್ಪಿಂಗ್‌ನಿಂದ ನಮ್ಮದೇ ಕಂಪನಿಯ ಟೆಸ್ಟರ್ ಪ್ರತಿಮಾ ಅವರ ದೂರು ನನ್ನ ಪಾಲಿಗೆ ಬಂತು. ಉಡುಪಿ ಕಡೆಯವರು, ಇನ್ನೂ ಪ್ರೊಬೇಷನ್. ಕೆಲಸ ಹೋದರೆ ವೀಸಾವೂ ಹೋದಂತೆ. ಪರೀಕ್ಷೆಯಲ್ಲಿ ಫೇಲಾದ ಸಾಫ್ಟ್‌ವೇರನ್ನು ಪಾಸ್ ಎಂದು ಬರೆದರೆಂಬುದು ಅವರ ಮೇಲಿನ ಆರೋಪ. ಫೇಲ್ ಎಂಬ ಸಾಲು ಪರದೆಯ ತೀರಾ ಕೆಳಗೆ ಕೆಂಪಗೆ ಬರುತ್ತದೆ. ಅಂಥ ಸಾಲೇ ಬಂದಿಲ್ಲವೆಂದು ತೋರಿಸಲು ಅವರು ಸ್ಕ್ರೀನ್‌ಶಾಟ್ ತೆಗೆದು ಮ್ಯಾನೇಜರಿಗೆ ಕಳಿಸಿದ್ದರು. ಗ್ರಹಚಾರ, ಆ ಚಿತ್ರದಲ್ಲೇ ಕೆಂಪು ಸಾಲು ಎದ್ದು ಕಾಣುತ್ತಿತ್ತು. ತನ್ನ ಪರದೆಯಲ್ಲಿ ಆ ಸಾಲೇ ಇಲ್ಲ, ಕಂಪ್ಯೂಟರಿನಲ್ಲೇನೋ ದೋಷವಿದೆ ಎಂಬುದು ಅವರ ದೂರು. ಶುಕ್ರವಾರ ಕೂತು ಮಾತಾಡೋಣ ಎಂದರಂತೆ ಮ್ಯಾನೇಜರ್. ಕೆಲಸದಿಂದ ತೆಗೆಯುತ್ತಾರೆಂದೇ ಆ ಮಾತಿನ ಅರ್ಥ, ಇಲ್ಲಿ ಎಲ್ಲರಿಗೂ ಗೊತ್ತು.

ರಿಮೋಟ್ ಸಂಪರ್ಕದಲ್ಲಿ ಅವರ ಡೆಸ್ಕ್‌ಟಾಪ್ ತೆರೆದೆ. ಎಲ್ಲ ಸರಿಯಿತ್ತು. ನನಗಿಂತ ಮೊದಲು ನೋಡಿದವರೂ ಸರಿಯಿದೆ ಎಂದೇ ದೂರಿನ ಟಿಕೆಟ್ ಮುಚ್ಚಿದ್ದರು. ಹೆಸರು ನೋಡಿ ಕನ್ನಡದಲ್ಲೇ ಮಾತಾಡಿಸಿದೆ. ಯಾರ ಹತ್ತಿರವೂ ಬಾಯಿಬಿಟ್ಟು ಮಾತಾಡಿ ಎಷ್ಟೋ ದಿನವಾಯಿತು ಎಂದರು. ನನಗೂ ಹಾಗೇ ಆಗಿತ್ತು, ಹೇಳಲಿಲ್ಲ.

ಅವರ ಪರದೆ ಹ್ಯಾಂಗಾಗಿ ನಿಂತಿದೆಯೇನೋ ಎಂದು, ಮೇಲಿನ ಪಟ್ಟಿಯ ಗಡಿಯಾರದಲ್ಲಿ ಎಷ್ಟಾಗಿದೆ ನೋಡವ್ವಾ ಎಂದೆ.

“ಎಂಥ ಗಡಿಯಾರ ಸರ್? ಇಲ್ಲಿ ಗಡಿಯಾರವೇ ಇಲ್ಲ.”

ನನ್ನ ಕಣ್ಣೆದುರಿಗೇ ಇತ್ತು ಅದು. ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದು ಕಳಿಸಲು ಹೇಳಿದೆ. ಬಂದ ಫೋಟೊ ನೋಡಿದರೆ ಅದು ಮಾನಿಟರೇ ಅಲ್ಲ, ಟಿವಿ. ಮನೆಯಲ್ಲಿ ಮೊದಲಿದ್ದವರು ಬಿಟ್ಟುಹೋದದ್ದು, ಸೆಟ್ಟಿಂಗ್ ಬದಲಿಸೋಣವೆಂದರೆ ಅದರ ರಿಮೋಟೂ ಇಲ್ಲ. ಕೆಲವು ಟಿವಿಗಳು ಚಿತ್ರವನ್ನು ತುಸು ಹಿಗ್ಗಿಸಿ ನಾಲ್ಕೂ ಅಂಚು ನುಂಗಿಬಿಡುತ್ತವೆ. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಸ್ಕ್ರೀನ್‌ಶಾಟ್‌ನಲ್ಲಾಗಲಿ ನನ್ನ ಕಡೆಯಲ್ಲಾಗಲಿ ಕಾಣುವುದು ಕಂಪ್ಯೂಟರ್ ಕಳಿಸಿದ ಪೂರ್ತಿ ಚಿತ್ರ. ಹಾಗಾಗಿ ನಮಗೆಲ್ಲ ಕಂಡದ್ದು ಅವರೊಬ್ಬರಿಗೆ ಕಾಣುತ್ತಿರಲಿಲ್ಲ. ಎಕ್ಸ್‌ರ್ಯಾಂಡರ್ ಎಂಬ ಕಮಾಂಡಿನಿಂದ ಅದರ ಉಲ್ಟಾ ಅಂಡರ್‌ಸ್ಕ್ಯಾನ್ ಆನ್ ಮಾಡಿ, ಚಿತ್ರವನ್ನು ಕುಗ್ಗಿಸಿ ಅಂಚುಗಳನ್ನು ಒಳಗೆ ತಂದೆ, ಲಾಗಿನ್ ಆದಾಗಲೆಲ್ಲ ಅದು ತಾನೇ ಓಡುವಂತೆ ಇಟ್ಟೆ.

ಗಡಿಯಾರ ಈಗ ಅವರಿಗೂ ಕಂಡಿತು. ಆ ಕಡೆಯಿಂದ ಅಳು ಕೇಳಿಸಿತು.

“ನನಗೇ ಮಂಡೆ ಸರಿ ಇಲ್ಲ ಅಂತ ಗ್ರಹಿಸಿದ್ದೆ ಸರ್.”

ಫೋಟೊ ಸಮೇತ ಮ್ಯಾನೇಜರಿಗೆ ಬರೆದೆ. ಕೆಲಸ ಉಳಿಯಿತು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ ನಮ್ಮ ಹಿರಿಯರು. ಪರಾಂಬರಿಸಲಿಕ್ಕೆ ಪಕ್ಕದಲ್ಲೊಬ್ಬರು ಬೇಕಲ್ಲ? ರೂಮ್‌ಮೇಟೋ ಯಾರೋ ಒಬ್ಬರಿದ್ದಿದ್ದರೆ ಮೊದಲ ದಿನವೇ ‘ಹೌದಲ್ಲ, ನನಗೂ ಕಾಣ್ತಿಲ್ಲ’ ಎಂದಿರುತ್ತಿದ್ದರು. ಅಷ್ಟು ಹೇಳುವವರಿಲ್ಲದೆ ಒಬ್ಬ ಜಾಣ ಹುಡುಗಿ ತನ್ನ ಬುದ್ಧಿಯನ್ನೇ ಅನುಮಾನಿಸಿದ್ದಳು. ಅಂದಿನಿಂದ ಯಾರದೇ ಫೋನ್ ಬರಲಿ, ನಿಮಗೇನು ಕಾಣುತ್ತಿದೆ ಎಂದು ಮೊದಲು ಕೇಳುತ್ತೇನೆ, ಹೇಳಿ ಮುಗಿಸುವವರೆಗೂ ಅವರನ್ನು ನಂಬುತ್ತೇನೆ. ಸಂಜೆ ಮನೆಗೆ ಹೋದರೆ ನನ್ನನ್ನು ಹಾಗೆ ಕೇಳುವವರು ಯಾರೂ ಇಲ್ಲ, ಅದು ಬೇರೆ ಮಾತು.